ಮನೆಯ ಸರ್ವರಿಗೆ ಆಟವೇ ಕಾವಲು

ನಮ್ಮ ಮನೆಯಲ್ಲೊಂದು ಸರ್ವರ್ ಇದೆಯೆಂದು ನಾನು ಹೇಳಿದಾಗ ನನ್ನ ಹಳೆಯ ಸಹೋದ್ಯೋಗಿಗಳೊಬ್ಬರು, "ಈ ವಯಸ್ಸಿನಲ್ಲಿ ಹೋಟೆಲನ್ನೇಕೆ ತೆರೆದಿರಿ ಮೇಷ್ಟ್ರೇ?" ಎಂದು ಕೇಳಿದರು. ವಿನೋದಕ್ಕೆ ಕೇಳಿದ ಪ್ರಶ್ನೆಯೇ ಆದರೂ ಉಪಮಾನ ತಪ್ಪಲ್ಲ. ನಮ್ಮ ಮಲೆನಾಡಿನ ಹೋಟೆಲುಗಳಲ್ಲಿ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದ ಮಾಣಿಯನ್ನು ನೆನಪಿಸಿಕೊಳ್ಳಿ. ಯಾರೂ ಕರೆಯದಿದ್ದರೆ ಅವನಿಗೆ ಕೆಲಸವಿಲ್ಲ. ಕರೆದವರು ಕೇಳಿದ್ದನ್ನು ಒಳಗಿನಿಂದ ತಂದುಕೊಡುತ್ತಾನೆ. ಸರ್ವರ್ ಮಾಡುವುದೂ ಇಷ್ಟೇ. ಅದಕ್ಕೆ ಪರದೆ ಬೇಕಿಲ್ಲ, ಕೀಲಿಮಣೆ ಬೇಕಿಲ್ಲ. ವಿದ್ಯುತ್ತೂ ಒಂದು ಇಂಟರ್ನೆಟ್ ತಂತಿಯೂ ಇದ್ದರೆ ಸಾಕು.

2024ರ ಬೇಸಿಗೆ ರಜೆಯಲ್ಲಿ, ಒಂಬತ್ತನೆಯ ತರಗತಿ ಮುಗಿಸಿ ಊರಿಗೆ ಬಂದಿದ್ದ ಮೊಮ್ಮಗನು ಇದನ್ನು ಕಟ್ಟಿದ. ಗುಜರಿಗೆ ಹಾಕಬೇಕೆಂದು ನಾನು ಅಟ್ಟಕ್ಕೆ ಏರಿಸಿದ್ದ 2012ರ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಕೆಳಗಿಳಿಸಿ, ಧೂಳು ಒರೆಸಿ, ಅದರಲ್ಲಿ ಡೆಬಿಯನ್ ಎಂಬ ಉಚಿತ ಲಿನಕ್ಸನ್ನು ಸ್ಥಾಪಿಸಿದ. ಖರ್ಚಾದದ್ದು ಡಿಸ್ಕುಗಳಿಗೆ ಮತ್ತು ಒಂದು ಸಣ್ಣ ಯು.ಪಿ.ಎಸ್.ಗೆ ಮಾತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹೊಸ ವಿಂಡೋಸನ್ನು ಸೇರಿಸಿಕೊಳ್ಳಲಾರದ ಇಂಥ ಮುದಿ ಯಂತ್ರಗಳು ಎಷ್ಟೋ ಮನೆಗಳ ಅಟ್ಟ ಸೇರಿವೆ. ಇಂಥವನ್ನು ಗುಜರಿಗೆ ಕೊಡುವ ಮೊದಲು ಎರಡು ಬಾರಿ ಯೋಚಿಸಿರೆಂದು ಓದುಗ ಮಿತ್ರರಲ್ಲಿ ನನ್ನ ವಿನಂತಿ. ಅರವತ್ತು ದಾಟಿದವನನ್ನು ಶಾಲೆಯಿಂದ ಮನೆಗೆ ಕಳಿಸುತ್ತಾರೆ, ನಿಜ. ಆದರೆ ಅವನಿಗೆ ಮಗ್ಗಿ ಮರೆತುಹೋಗಿರುವುದಿಲ್ಲವಷ್ಟೆ.

ಇದೆಲ್ಲ ನನಗೇಕೆ ಬೇಕಾಯಿತೆಂಬುದನ್ನೂ ಹೇಳಬೇಕು. ನನ್ನ ಹೆಂಡತಿ ಮದುವೆಮನೆಗಳಲ್ಲಿ ಹಸೆಗೆ ಕರೆಯುವ ಹಾಡುಗಳನ್ನು ಹೇಳುತ್ತಿದ್ದಳು. 1980ರ ದಶಕದಲ್ಲಿ ಅವಳ ಹಾಡುಗಳನ್ನು ಮೂರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದೆವು. 2006ರಲ್ಲಿ ಅವು ಸಿ.ಡಿ.ಗೆ ಹೋದವು, ಸಿ.ಡಿ.ಯಿಂದ ಒಂದು ಪೋರ್ಟಬಲ್ ಡಿಸ್ಕಿಗೆ ಬಂದವು. 2017ರಲ್ಲಿ ಅವಳು ತೀರಿಕೊಂಡಳು. ಎರಡು ವರ್ಷಗಳ ನಂತರ ಆ ಡಿಸ್ಕು ನನ್ನ ಕೈಯಿಂದಲೇ ಜಾರಿ ನೆಲಕ್ಕೆ ಬಿತ್ತು. ಒಳಗೆ ಟಿಕ್ ಟಿಕ್ ಎಂದದ್ದು ಕೇಳಿಸಿತು, ಅಷ್ಟೇ. ಮಲೆನಾಡಿನ ಥಂಡಿಗೆ ಸಿ.ಡಿ.ಯ ಬೆನ್ನು ಸಿಪ್ಪೆ ಎದ್ದಿತ್ತು. ಕ್ಯಾಸೆಟ್ಟಿಗೆ ಬೂಸಲು ಹಿಡಿದಿತ್ತು. ಮೂವತ್ತಕ್ಕೂ ಹೆಚ್ಚಿದ್ದ ಹಾಡುಗಳಲ್ಲಿ ಹನ್ನೊಂದು ಮಾತ್ರ ಉಳಿದವು. ಮೈಸೂರಿನಲ್ಲಿರುವ ಮಗಳು ಯಾವಾಗಲೋ ತನ್ನ ಫೋನಿಗೆ ತುಂಬಿಸಿಕೊಂಡಿದ್ದ ಹಾಡುಗಳು ಅವು. ಉಳಿದವು ಹೋದವು. ತಪ್ಪು ಯಾರದೂ ಅಲ್ಲ, ನನ್ನದೇ.

ಎಲ್ಲವನ್ನೂ ಇಂಟರ್ನೆಟ್ಟಿನ ಕಂಪನಿಗಳ ಬಳಿ ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. ನಾನೂ ಹಾಗೆಯೇ ಎಂದುಕೊಂಡಿದ್ದವನು. ಆದರೆ ಈ ಇಪ್ಪತ್ತು ವರ್ಷಗಳ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿ. ಜನರು ಸ್ವಂತ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮ ಹುಡುಗರೆಲ್ಲ ಮುಗಿಬಿದ್ದಿದ್ದ ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು. ಎಷ್ಟೋ ಗೆಳೆಯರ ಬಳಗಗಳು ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದ್ದ ಯಾಹೂ ಗ್ರೂಪ್ಸ್ 2020ರಲ್ಲಿ ನಿಂತಿತು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಚಿತ್ರಗಳನ್ನಿಡುವ ಅವಕಾಶ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಬಾಡಿಗೆ ಮನೆಯ ಯಜಮಾನನಿಗೆ ಬಾಡಿಗೆ ಏರಿಸುವ ಹಕ್ಕೂ ಇದೆ, ಮನೆ ಖಾಲಿ ಮಾಡಿಸುವ ಹಕ್ಕೂ ಇದೆ. ನಾಲ್ಕು ತಲೆಮಾರಿನ ಕಾಗದಪತ್ರವನ್ನು ಬಾಡಿಗೆ ಮನೆಯಲ್ಲಿ ಮಾತ್ರವೇ ಇಡಬೇಕೆ ಎಂಬುದು ನಮಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಕಡತಗಳನ್ನು ಮನೆಯವರೆಲ್ಲರಿಗೂ ತೆರೆದಿಡುವ ತಂತ್ರಾಂಶದ ಹೆಸರು ಸಾಂಬಾ. ಹೆಸರು ಕೇಳಿ ನಾನು ಸಾಂಬಶಿವನ ಸ್ಮರಣೆ ಎಂದುಕೊಂಡೆ. ಮೊಮ್ಮಗನು ನಕ್ಕು ತಿದ್ದಿದ. ವಿಂಡೋಸ್ ಯಂತ್ರಗಳು ಕಡತ ಹಂಚಿಕೊಳ್ಳುವ ಪದ್ಧತಿಗೆ ಎಸ್.ಎಂ.ಬಿ. ಎಂದು ಹೆಸರು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಟ್ರಿಜೆಲ್ ಎಂಬವರು ಇತರ ಯಂತ್ರಗಳೂ ಅದೇ ಭಾಷೆಯನ್ನಾಡುವಂತೆ ಮಾಡಿದರು. ಹೆಸರಿಡಲು ಪದಪಟ್ಟಿಯೊಂದರಲ್ಲಿ ಆ ಮೂರು ಅಕ್ಷರಗಳು ಕ್ರಮವಾಗಿ ಬರುವ ಶಬ್ದಗಳನ್ನು ಹುಡುಕಿದಾಗ ಬ್ರೆಜಿಲಿನ ನೃತ್ಯದ ಹೆಸರು ಸಿಕ್ಕಿತಂತೆ. ಮನೆಯೊಳಗೆ ಇದು ಬಲು ಚುರುಕು. ಸಾವಿರ ಮೆಗಾಬಿಟ್ಟಿನ ತಂತಿಯಲ್ಲಿ ಹತ್ತು ಗಿಗಾಬೈಟಿನ ಮದುವೆ ವಿಡಿಯೋ ಎರಡು ನಿಮಿಷದ ಆಸುಪಾಸಿನಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಅದೇ ವಿಡಿಯೋ ಸೆಕೆಂಡಿಗೆ ನಲವತ್ತು ಮೆಗಾಬಿಟ್ಟಿನ ಇಂಟರ್ನೆಟ್ಟಿನಲ್ಲಿ ಹೊರಗೆ ಹೋಗಲು ಮೂವತ್ತಮೂರು ನಿಮಿಷ ಬೇಕು. ಲೆಕ್ಕ ನಾನೇ ಮಾಡಿ ನೋಡಿದ್ದೇನೆ. ಗಣಿತದ ಮೇಷ್ಟ್ರ ಚಟ.

ದೂರದ ಊರುಗಳಲ್ಲಿರುವ ಮಕ್ಕಳು ಒಳಗೆ ಬರುವುದು ಹೇಗೆ ಎಂಬುದು ತೊಡಕಿನ ವಿಷಯ. ಇಂಟರ್ನೆಟ್ಟಿನ ಹಳೆಯ ಬಗೆಯ ವಿಳಾಸಗಳು ಲೋಕಕ್ಕೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಅವು ಸಾಲದಾದ್ದರಿಂದ ಸೇವೆ ಒದಗಿಸುವವರು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ವಠಾರಕ್ಕೆ ಒಂದೇ ಬಾಗಿಲಿದ್ದಂತೆ: ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರಿಗೆ ಯಾವ ಮನೆಯೆಂದು ತಿಳಿಯದು. ಬಾಗಿಲು ಕಾಣಿಸಿದವರೂ ಸಾಂಬಾವನ್ನು ನೇರವಾಗಿ ಹೊರಲೋಕಕ್ಕೆ ತೆರೆದಿಡಬಾರದು. 2017ರ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿದ ವಾನಾಕ್ರೈ ಎಂಬ ಪೀಡೆಯು ಹರಡಿದ್ದು ವಿಂಡೋಸಿನ ಇದೇ ಎಸ್.ಎಂ.ಬಿ. ಬಾಗಿಲಿನಿಂದ. ಮೊಮ್ಮಗನು ವೈರ್‌ಗಾರ್ಡ್ ಎಂಬುದನ್ನು ಆಧರಿಸಿದ ಗುಪ್ತಮಾರ್ಗವೊಂದನ್ನು ಹಾಕಿದ್ದಾನೆ. ನಮ್ಮ ಕುಟುಂಬದ ಫೋನು, ಕಂಪ್ಯೂಟರುಗಳು ಮಾತ್ರ ಆ ದಾರಿಯಲ್ಲಿ ನಡೆಯಬಲ್ಲವು. ಅದರ ಒಳಗುಟ್ಟು ನನಗೆ ಅರ್ಥವಾಗಿದೆಯೆಂದು ಹೇಳಿಕೊಳ್ಳಲಾರೆ.

ವಿದ್ಯುತ್ತಿನ ಲೆಕ್ಕವನ್ನೂ ಮುಚ್ಚಿಡಬಾರದು. ನಮ್ಮ ಯಂತ್ರ ಸುಮಾರು ನಲವತ್ತು ವ್ಯಾಟ್ ಎಳೆಯುತ್ತದೆ. ಹಗಲಿರುಳೂ ನಡೆದರೆ ದಿನಕ್ಕೆ ಒಂದು ಯೂನಿಟ್ಟಿಗೆ ತುಸು ಕಡಿಮೆ, ತಿಂಗಳಿಗೆ ಇಪ್ಪತ್ತೊಂಬತ್ತು. ಗೃಹಜ್ಯೋತಿಯವರು ನಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10ರಷ್ಟನ್ನು ಮಾತ್ರ ಸೇರಿಸಿ ಕೊಡುವುದರಿಂದ ಈ ಹೊಸ ಮಾಣಿಯ ಊಟ ನಮ್ಮ ಕಿಸೆಯಿಂದಲೇ ಹೋಗುತ್ತದೆ. ರಾಸ್ಪ್‌ಬೆರ್ರಿ ಪೈ ಎಂಬ ಅಂಗೈಯಗಲದ ಯಂತ್ರವನ್ನು ಬಳಸಿದರೆ ಇದು ಬಹಳ ಕಡಿಮೆಯಾದೀತು. ಸಿಡಿಲಿನ ಭಯ ಮಾತ್ರ ಮೊದಲಿಗಿಂತ ತಗ್ಗಿದೆ. ತಾಮ್ರದ ಟೆಲಿಫೋನ್ ತಂತಿಯಿದ್ದ ಕಾಲದಲ್ಲಿ ಪ್ರತಿ ಮುಂಗಾರಿಗೂ ಒಂದು ಮೋಡೆಮ್ ಸುಡುತ್ತಿತ್ತು. ಈಗಿನ ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯದು. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ ಕೀಳುವುದನ್ನು ಮಾತ್ರ ನಾನು ಬಿಟ್ಟಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಇದೇ ಯಂತ್ರದಲ್ಲಿ ಮಕ್ಕಳ ಆಟವನ್ನೂ ಇಡಬೇಕೆಂದು ಮೊಮ್ಮಗ ಹೇಳಿದಾಗ ಬೆಂಗಳೂರಿನಲ್ಲಿರುವ ನನ್ನ ಮಗ ಒಪ್ಪಲಿಲ್ಲ. "ಅಮ್ಮನ ಹಾಡು ಇಡುವ ಜಾಗದಲ್ಲಿ ಆಟ ಯಾಕಪ್ಪ? ಅದು ಬೇರೆ, ಇದು ಬೇರೆ" ಎಂಬುದು ಅವನ ವಾದ. ನಾನೂ ಮೊದಲು ತಲೆದೂಗಿದೆ. ಈಗ ನನ್ನ ಅಭಿಪ್ರಾಯ ತಿರುಗಾಮುರುಗಾ ಆಗಿದೆ: ಆಟವಿಲ್ಲದ ಮನೆಯಲ್ಲಿ ಸರ್ವರ್ ಕಟ್ಟುವ ಗೋಜಿಗೇ ಹೋಗಬೇಡಿ ಎನ್ನುತ್ತೇನೆ.

ಕಾರಣ ಸರಳ. ಹಳೆಯ ಚಿತ್ರಗಳನ್ನು, ಪಹಣಿಯ ನಕಲನ್ನು, ಹಾಡನ್ನು ಯಾರು ದಿನವೂ ತೆರೆದು ನೋಡುತ್ತಾರೆ? ಅಂಥ ಪೆಟ್ಟಿಗೆ ಕೆಟ್ಟು ನಿಂತರೆ ಆರು ತಿಂಗಳಾದರೂ ಯಾರ ಗಮನಕ್ಕೂ ಬಾರದು. ನನ್ನ ಪೋರ್ಟಬಲ್ ಡಿಸ್ಕಿನ ಕಥೆಯೂ ಅದೇ. ಬೀಳುವ ಮೊದಲು ಎರಡು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಆದರೆ ಆಟ ನಿಂತರೆ? ಹತ್ತು ನಿಮಿಷದೊಳಗೆ ಮೈಸೂರಿನಿಂದ ಫೋನು ಬರುತ್ತದೆ: "ಅಜ್ಜಾ, ಸರ್ವರ್ ಬಿದ್ದಿದೆ, ಸ್ವಲ್ಪ ನೋಡಿ!" ದಿನವೂ ಜನ ಓಡಾಡುವ ಅಂಗಳದಲ್ಲಿ ಹಾವು ಬಂದರೆ ಕೂಡಲೇ ತಿಳಿಯುತ್ತದೆ. ಕಾವಲಿಗೆ ಸಂಬಳದ ಆಳು ಬೇಡ, ಐದು ಜನ ಮೊಮ್ಮಕ್ಕಳು ಸಾಕು.

ಅವರಾಡುವುದು ಇಟ್ಟಿಗೆಯಂಥ ಚೌಕಗಳಿಂದ ಲೋಕ ಕಟ್ಟುವ ಆಟ. ಇದರಲ್ಲಿ ಹೆಸರಾದದ್ದು ಮೈನ್‌ಕ್ರಾಫ್ಟ್. ಅದರ ಸರ್ವರ್ ಉಚಿತವಾದರೂ ಆಡುವ ಪ್ರತಿಯೊಬ್ಬರೂ ಆಟವನ್ನು ಕೊಳ್ಳಬೇಕು. ನಮ್ಮ ಮಕ್ಕಳು ಅದೇ ಜಾಡಿನ, ಪೂರ್ಣ ಉಚಿತವಾದ ಮತ್ತೊಂದನ್ನು ಆರಿಸಿಕೊಂಡರು. 2010ರಲ್ಲಿ ಫಿನ್ಲೆಂಡಿನ ತರುಣರೊಬ್ಬರು ಆರಂಭಿಸಿದ ಅದಕ್ಕೆ ಮೈನ್‌ಟೆಸ್ಟ್ ಎಂದು ಹೆಸರಿತ್ತು. 2024ರ ಅಕ್ಟೋಬರಿನಲ್ಲಿ ಲುಆಂಟಿ ಎಂದಾಯಿತು. ನಾಲ್ಕು ಗಿಗಾಬೈಟಿನ ನಮ್ಮ ಮುದುಕ ಯಂತ್ರಕ್ಕೂ ಅದು ಭಾರವಲ್ಲ. ಅಪರಿಚಿತರು ಬಂದು ಮಾತಿಗೆಳೆಯುವಂತಿಲ್ಲ, ಕತ್ತಿಯೊಂದಕ್ಕೆ ನೂರು ರೂಪಾಯಿ ಕೊಡೆಂದು ಪೀಡಿಸುವ ಜಾಹೀರಾತಿಲ್ಲ, ಯಾವಾಗ ನಿಲ್ಲಿಸಬೇಕೆಂದು ನಿರ್ಧರಿಸುವವನು ನಾನು. ಅಣ್ಣನ ಮಗನ ಮಕ್ಕಳಿಬ್ಬರು ನ್ಯೂಜೆರ್ಸಿಯಲ್ಲಿದ್ದಾರೆ. ಅವರ ಶನಿವಾರ ಬೆಳಗಿನ ಒಂಬತ್ತು ಗಂಟೆಯೆಂದರೆ ಬೇಸಿಗೆಯಲ್ಲಿ ನಮಗೆ ಸಂಜೆ ಆರೂವರೆ; ಅವರು ಗಡಿಯಾರವನ್ನು ಹಿಂದಕ್ಕಿಟ್ಟ ಮೇಲೆ ಏಳೂವರೆ. ಕನ್ನಡ ತೊದಲುವ ಆ ಮಕ್ಕಳು ಆಟದ ನಡುವೆ "ಇಲ್ಲಿ ಬಾ", "ಅದನ್ನು ಒಡೆಯಬೇಡ" ಎಂಬಷ್ಟನ್ನು ಸರಾಗವಾಗಿ ಹೇಳಲು ಕಲಿತಿದ್ದಾರೆ.

ಇದನ್ನು ಕೇಳಿ ಎಲ್ಲವೂ ಸುಸೂತ್ರವಾಯಿತೆಂದು ಭಾವಿಸಬೇಡಿ. 2025ರ ಮಳೆಗಾಲದಲ್ಲಿ, ಮನೆಯೊಳಗೇ ಕುಳಿತು ಬೇಸರವಾಗಿ, ನಾನು ಕಡತಗಳನ್ನು ಓರಣಗೊಳಿಸಲು ಹೊರಟೆ. ಹಳೆಯ ನುಡಿ ಲಿಪಿಯಲ್ಲಿದ್ದ ನನ್ನ ಲೇಖನಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲವನ್ನು ಅಳಿಸುತ್ತಾ ಹೋದೆ. ಆ ಭರದಲ್ಲಿ "ಹಳೆಯದು" ಎಂಬ ಇಡೀ ಕಡತಕೋಶವೇ ಅಳಿಸಿಹೋಯಿತು. ಹಾಡುಗಳಿದ್ದದ್ದು ಅದರಲ್ಲಿ. ಯಂತ್ರದಲ್ಲಿ ಎರಡು ಡಿಸ್ಕುಗಳಿವೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುತ್ತದೆ, ಆದ್ದರಿಂದ ಭಯವಿಲ್ಲವೆಂದು ನಾನು ನಂಬಿದ್ದೆ. ಕನ್ನಡಿಯ ಮುಂದೆ ನಿಂತು ನೀವು ಹಣೆಯ ಕುಂಕುಮ ಅಳಿಸಿಕೊಂಡರೆ ಕನ್ನಡಿಯೊಳಗಿನ ಹಣೆಯೂ ಬೋಳಾಗುತ್ತದೆ. ಎರಡೂ ಡಿಸ್ಕುಗಳು ನನ್ನ ಅಪ್ಪಣೆಯನ್ನು ಒಟ್ಟಿಗೇ ಪಾಲಿಸಿದ್ದವು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕಾಯುತ್ತದೆಯೇ ಹೊರತು, ಯಜಮಾನನ ಕೈ ಕೆಟ್ಟರೆ ಕಾಯುವುದಿಲ್ಲ.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಮೊಮ್ಮಗನಿಗೆ ಹೇಳಲು ನಾಲಿಗೆ ಏಳಲಿಲ್ಲ. ಕಾರಣ, ಮೂರನೆಯ ಡಿಸ್ಕೊಂದನ್ನು ತಂದು ಅದರಲ್ಲಿ ಪ್ರತ್ಯೇಕ ನಕಲಿಟ್ಟು, ಅದನ್ನು ಬೇರೆ ಮನೆಯಲ್ಲಿ ಇರಿಸಬೇಕೆಂದು ಅವನು ಹಟ ಹಿಡಿದಾಗ, ದುಂದುವೆಚ್ಚವೆಂದು ಗದರಿಸಿದವನು ನಾನೇ. ಅವನು ತನ್ನ ಹುಟ್ಟುಹಬ್ಬದ ದುಡ್ಡಿನಲ್ಲಿ ಅದನ್ನು ಕೊಂಡಿದ್ದ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ ಎಂಬುದು ಈ ವಿದ್ಯೆಯಲ್ಲಿ ಹೆಸರಾದ ನಿಯಮವಂತೆ. ತೋಟದ ಮನೆಯಲ್ಲಿರುವ ನನ್ನ ತಮ್ಮ ಪ್ರತಿ ಭಾನುವಾರ ಪೇಟೆಗೆ ಬಂದಾಗ ಡಿಸ್ಕನ್ನು ತರುವುದು, ನಕಲಾದ ಮೇಲೆ ಮರಳಿ ಒಯ್ಯುವುದು ರೂಢಿ. ಮರುದಿನ ಜಡಿಮಳೆಯಲ್ಲೇ ಬಸ್ಸು ಹಿಡಿದು ತಮ್ಮನ ಮನೆಗೆ ಹೋದೆ. ಬೀರುವಿನಲ್ಲಿ ಪಂಚೆಯೊಂದರಲ್ಲಿ ಸುತ್ತಿಟ್ಟಿದ್ದ ಡಿಸ್ಕಿನಲ್ಲಿ ಹನ್ನೊಂದು ಹಾಡುಗಳೂ ಇದ್ದವು. ಅವನ ಲ್ಯಾಪ್‌ಟಾಪಿನಲ್ಲೇ ಒಂದನ್ನು ಪೂರ್ತಿ ಕೇಳಿದೆವು. ನಡುವೆ ಅವಳು ಕೆಮ್ಮಿ, ಯಾರಿಗೋ ನೀರು ತರಲು ಹೇಳುತ್ತಾಳೆ.

ಅಂದಿನಿಂದ ಹಾಡಿನ ಕೋಶವನ್ನು ಓದಬಹುದು, ಅಳಿಸಲಾಗದು. ಅಳಿಸುವ ಹಕ್ಕು ನನಗೂ ಇಲ್ಲ. ಯಂತ್ರವನ್ನು ಮತ್ತೆ ಎಬ್ಬಿಸುವ ಕ್ರಮ, ಗುಪ್ತಪದಗಳು, ಡಿಸ್ಕು ಬದಲಿಸುವ ವಿಧಾನ ಎಲ್ಲವನ್ನೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಲು ಮೊಮ್ಮಗನಿಗೆ ಹೇಳಿದೆ. ಅವನು ಈಗ ಪಿ.ಯು.ಸಿ. ಸೇರಿದ್ದಾನೆ, ಸಮಯ ಕಡಿಮೆ. ಅವನೊಬ್ಬನಿಗೇ ತಿಳಿದಿರುವ ವಿದ್ಯೆ ಮನೆಯ ಸೊತ್ತಾಗದು. ಅವನು ಬರೆದದ್ದರಲ್ಲಿ ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಪುಸ್ತಕವನ್ನು ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ.

ಮಕ್ಕಳು ಈಗ ಆಟದೊಳಗೆ ನಮ್ಮ ಹಳೆಯ ಮನೆಯನ್ನು ಕಟ್ಟುತ್ತಿದ್ದಾರೆ. 2003ರಲ್ಲಿ ಕೆಡವಿದ ಆ ಹೆಂಚಿನ ಮನೆಯನ್ನು ಅವರಾರೂ ಕಂಡವರಲ್ಲ. ಸರ್ವರಿನಲ್ಲಿರುವ ಹಳೆಯ ಚಿತ್ರಗಳನ್ನು ನೋಡಿ ಗೋಡೆ ಎಬ್ಬಿಸಿದ್ದಾರೆ. ಅಡಿಕೆ ಒಣಗಿಸುವ ಅಂಗಳ, ಬಚ್ಚಲುಮನೆ, ತುಳಸಿಕಟ್ಟೆ ಆಗಿವೆ. ಜಗಲಿಯ ಚಿತ್ರ ಅರ್ಧ ಮಾತ್ರ ಇರುವುದರಿಂದ ಕಂಬಗಳೆಷ್ಟೆಂದು ನನ್ನನ್ನು ಕೇಳಿದರು. ಐದು ಎಂದೆ. ಎಂಬತ್ತಾರು ವರ್ಷದ ನನ್ನಕ್ಕ ಆರು ಎನ್ನುತ್ತಾಳೆ, ಆರನೆಯದಕ್ಕೆ ಕರುವನ್ನು ಕಟ್ಟುತ್ತಿದ್ದೆವೆಂದು ಸಾಕ್ಷಿಯನ್ನೂ ಕೊಡುತ್ತಾಳೆ. ಮಕ್ಕಳು ಸದ್ಯಕ್ಕೆ ಆರು ಹಾಕಿದ್ದಾರೆ.