ದೊಡ್ಡಮ್ಮನ ಕಾಲುಚೀಲಕ್ಕೊಂದು ಪ್ಯಾಚು

ಮೊನ್ನೆ ಭಾನುವಾರ ಬೆಳಿಗ್ಗೆಯೆಲ್ಲಾ ಕೂತು ಕಾಲುಚೀಲದ ತೂತು ಮುಚ್ಚಿದೆ. ರೂಮ್‌ಮೇಟಿಗೆ ನಗುವೋ ನಗು. "ಮುನ್ನೂರು ರೂಪಾಯಿಗೆ ಮೂರು ಜೊತೆ ಬರುತ್ತೆ, ನಿನ್ನ ಎರಡು ಗಂಟೆಗೆ ಕ್ಲೈಂಟ್ ಎಷ್ಟು ಕೊಡ್ತಾನೆ ಲೆಕ್ಕ ಹಾಕು" ಅಂದ. ಅಂಗಡಿಯಲ್ಲಿ ಕೊಂಡಿದ್ದಾಗಿದ್ದರೆ ಅವನ ಲೆಕ್ಕ ಸರಿಯೇ.

ನಾಲ್ಕು ವರ್ಷದ ಹಿಂದೆ ಚಳಿಗಾಲದಲ್ಲಿ ಆನ್‌ಸೈಟ್ ಹೊರಟಾಗ ಮಡಿಕೇರಿಯ ದೊಡ್ಡಮ್ಮ ಉಣ್ಣೆ ದಾರದಲ್ಲಿ ಎರಡು ಜೊತೆ ಹೆಣೆದು ಕೊಟ್ಟಿದ್ದರು. ಒಂದನ್ನು ಹಾಕಿ ಹಾಕಿ ಹಿಮ್ಮಡಿಯಲ್ಲಿ ಸವೆಸಿದೆ. ಇನ್ನೊಂದು ಹಾಳಾಗಬಾರದು ಅಂತ ಬೀರುವಿನಲ್ಲಿ ಜೋಪಾನವಾಗಿಟ್ಟೆ. ತೆಗೆದು ನೋಡಿದರೆ ಅದರಲ್ಲೇ ಜಾಸ್ತಿ ತೂತು! ಬಟ್ಟೆ ಪತಂಗದ ಮರಿಹುಳಕ್ಕೆ ಉಣ್ಣೆಯೇ ಊಟ. ಕತ್ತಲಲ್ಲಿ, ಯಾರೂ ಮುಟ್ಟದ ಜಾಗದಲ್ಲಿ ಅದು ಹಾಯಾಗಿ ಬೆಳೆಯುತ್ತೆ.

ರಫೂ ಅಂಗಡಿಗೆ ಒಯ್ದೆ. "ಕೋಟು, ಸೀರೆ ಇದ್ರೆ ತನ್ನಿ ಸಾರ್, ಇದೆಲ್ಲಾ ಆಗಲ್ಲ" ಅಂದರು. ಕೊನೆಗೆ ದೊಡ್ಡಮ್ಮನಿಗೇ ಫೋನ್ ಮಾಡಿದೆ. "ಹೊಸದೇ ಹೆಣೆದು ಕೊಡ್ತಿದ್ದೆ ಪುಟ್ಟಾ, ಈಗ ಬೆರಳು ಮಡಚೋಕೇ ಆಗಲ್ಲ. ನೀನೇ ಮಾಡು, ಹೇಳ್ತೀನಿ" ಅಂದರು.

ಹೆಣೆದ ಬಟ್ಟೆ ನೇಯ್ದ ಬಟ್ಟೆ ಥರ ಅಲ್ಲ. ಒಂದು ಕುಣಿಕೆ ಇನ್ನೊಂದಕ್ಕೆ ಸಿಕ್ಕಿಕೊಂಡಿರುತ್ತೆ, ಒಂದು ಕಡಿದರೆ ಸಾಲಾಗಿ ಬಿಚ್ಚುತ್ತಾ ಹೋಗುತ್ತೆ (ನಮ್ಮ ಲಿಂಕ್ಡ್ ಲಿಸ್ಟ್ ನೆನಪಾಯ್ತು!). ತೂತಿನ ಅಂಚು ಸೇರಿಸಿ ಹೊಲಿದರೆ ಗಂಟಾಗಿ ಕಾಲಿಗೆ ಒತ್ತುತ್ತೆ. ಅದಕ್ಕೇ ಒಳಗೆ ಒಂದು ಹಳೇ ಬಲ್ಬು ಇಟ್ಟು, ಸುತ್ತ ಅರ್ಧ ಇಂಚಿನಷ್ಟು ಗಟ್ಟಿ ಜಾಗದಿಂದ ಶುರು ಮಾಡಿ, ತೂತಿನ ಮೇಲೆ ಉದ್ದುದ್ದ ಎಳೆ ಹಾಕಬೇಕು. ಆಮೇಲೆ ಅಡ್ಡ ಎಳೆಯನ್ನು ಒಂದರ ಮೇಲೆ, ಒಂದರ ಕೆಳಗೆ, ಚಾಪೆ ಹೆಣೆದ ಹಾಗೆ ದಾಟಿಸಬೇಕು. ಬಿಗಿ ಎಳೆಯಬಾರದು. ಬಟ್ಟೆ ತೆಳುವಾದಾಗಲೇ, ತೂತು ಬೀಳೋ ಮುಂಚೆ, ಹಳೇ ಕುಣಿಕೆಯ ದಾರಿಯಲ್ಲೇ ಇನ್ನೊಂದು ಎಳೆ ಓಡಿಸಿದ್ದರೆ ಇಷ್ಟು ಕಷ್ಟವೇ ಇರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಇತ್ತು. 1943ರಲ್ಲಿ ಅಲ್ಲಿನ ಸರ್ಕಾರ 'ಮೇಕ್ ಡೂ ಅಂಡ್ ಮೆಂಡ್' ಅನ್ನೋ ಪುಸ್ತಿಕೆಯನ್ನೇ ಹೊರತಂದಿತ್ತು. ಹೊಸದು ಬೇಕಾದಷ್ಟು ಸಿಗಲ್ಲ, ಹಾಗಾಗಿ ಇದ್ದಿದ್ದನ್ನೇ ಸರಿಮಾಡಿಕೊಂಡರು. ನನ್ನ ಕಥೆಯೂ ಅಷ್ಟೇ ತಾನೇ? ಅಂಗಡಿಯಲ್ಲಿ ಸಾವಿರ ಜೊತೆ ಇರಬಹುದು, ದೊಡ್ಡಮ್ಮ ಹೆಣೆದಿದ್ದು ಇನ್ನು ಸಿಗಲ್ಲ.

ಹಾಗಂತ ಬೀರುವಿನಲ್ಲಿ ಇಟ್ಟು ಪೂಜೆ ಮಾಡೋದು ತಪ್ಪು ಅಂತ ನನ್ನ ಅಭಿಪ್ರಾಯ. ಕೈಯಾರೆ ಮಾಡಿಕೊಟ್ಟವರು ಹಾಕಿಕೊಳ್ಳಲಿ ಅಂತಲೇ ಕೊಟ್ಟಿರುತ್ತಾರೆ. ಹಾಕೋಣ, ಹರಿದರೆ ಹೊಲಿಯೋಣ. ಬಣ್ಣ ಹೊಂದದಿದ್ದರೂ ಚಿಂತೆಯಿಲ್ಲ. ನನ್ನ ಬೂದು ಕಾಲುಚೀಲದಲ್ಲಿ ಈಗ ಕೆಂಪು ಚೌಕ ಇದೆ.

ಫೋಟೋ ಕಳಿಸಿದೆ. "ಎಡಗಡೆ ಎಳೆ ಬಿಗಿಯಾಗಿದೆ, ಬಿಚ್ಚಿ ಮತ್ತೆ ಹಾಕು" ಅಂತ ಉತ್ತರ ಬಂತು. ಆಫೀಸಿನ ಕೋಡ್ ರಿವ್ಯೂನೇ ವಾಸಿ :)

ನಿಮ್ಮ ಬೀರುವಿನಲ್ಲೂ ಇಂಥದ್ದೇನಾದರೂ ಇದೆಯಾ? ಒಮ್ಮೆ ತೆಗೆದು ನೋಡಿ.