ಭಾಷಣ ಹಂಚೋದು ಬೇಡ, ಪುರಾವೆ ಹಂಚೋಣ

"ಮಾನ್ಯ ಅಧ್ಯಕ್ಷರೇ, ನಿರ್ಣಾಯಕರೇ, ನನ್ನ ನೆಚ್ಚಿನ ಸಹಪಾಠಿಗಳೇ" ಅಂತ ಶುರುವಾಗುವ ಚರ್ಚಾ ಸ್ಪರ್ಧೆಗಳನ್ನ ನಾವೆಲ್ಲ ನೋಡಿದ್ದೀವಿ. ಎಷ್ಟೋ ಸಲ ಅದರಲ್ಲಿ ಚರ್ಚೆಯೇ ಇರೋದಿಲ್ಲ. ದೊಡ್ಡವರು ಬರೆದುಕೊಟ್ಟ ಎರಡು ಪುಟವನ್ನ ಪರದವರು ಬಾಯಿಪಾಠ ಒಪ್ಪಿಸ್ತಾರೆ, ಆಮೇಲೆ ವಿರೋಧದವರು ಒಪ್ಪಿಸ್ತಾರೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರ ಉತ್ತರ ಇರಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತುಮಕೂರು ಜಿಲ್ಲೆಯ ತಾಲೂಕುಗಳು. ಆದರೆ ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್, ತಾಲೂಕು ಹಂತ ಗೆದ್ದ ಮಕ್ಕಳು ಜಿಲ್ಲಾ ಹಂತದಲ್ಲಿ ಎದುರಾಗ್ತಾರೆ. ಅಲ್ಲಿವರೆಗೆ ಒಂದು ತಾಲೂಕಿನವರು ಏನು ಓದಿದ್ರು ಅಂತ ಇನ್ನೊಂದು ತಾಲೂಕಿಗೆ ಗೊತ್ತಿರಲ್ಲ. ಈ ನಾಲ್ಕೂ ತಾಲೂಕಿನ ಹೈಸ್ಕೂಲುಗಳಿಗೆ ಒಂದೇ ಗೂಗಲ್ ಡಾಕ್ಸ್ ಇರಬೇಕು ಅನ್ನೋದು ನಮ್ಮ ಅಭಿಪ್ರಾಯ. ಒಂದೇ ಷರತ್ತು: ಅದರಲ್ಲಿ ಭಾಷಣ ಇರಬಾರದು, ಪುರಾವೆ ಮಾತ್ರ ಇರಬೇಕು. ಭಾಷಣ ಹಾಕಿದ್ರೆ ಒಂದೇ ಭಾಷಣ ನಾಲ್ಕು ತಾಲೂಕಲ್ಲಿ ಕೇಳಿಸುತ್ತೆ, ಅಷ್ಟೆ. ಈಗಂತೂ ಭಾಷಣ ಬರೆದುಕೊಡೋಕೆ ಚಾಟ್‌ಜಿಪಿಟಿ ಇದೆ.

ಪಾವಗಡದ ಸೋಲಾರ್ ಪಾರ್ಕನ್ನೇ ತಗೊಳ್ಳಿ. ತಿರುಮಣಿ ಸುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಇಲ್ಲಿ ರೈತರ ಜಮೀನನ್ನ ಕೊಂಡುಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಹಾಕೋ ಊರಲ್ಲಿ ಇದು ಖಾತ್ರಿ ಆದಾಯ ಅಂತ ಪರದವರು ಹೇಳಬಹುದು. ಸ್ವಂತ ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರಿಗೆ ಗುತ್ತಿಗೆ ಹಣ ಎಲ್ಲಿಂದ ಬರುತ್ತೆ ಅಂತ ವಿರೋಧದವರು ಕೇಳಬಹುದು. ಎರಡೂ ನಿಜವಾದ ಮಾತು. ಡಾಕ್ಸ್‌ನಲ್ಲಿ ನಾಲ್ಕು ಕಾಲಂ ಸಾಕು: ಮಾತು ಏನು, ಎಲ್ಲಿಂದ ಸಿಕ್ತು, ಯಾವ ಶಾಲೆ ಪರೀಕ್ಷಿಸಿತು, ಇದಕ್ಕೆ ಎದುರು ಮಾತು ಏನು. ಶಿರಾದ ಹುಡುಗ ಪೇಪರಲ್ಲಿ ಓದಿದ್ದನ್ನ ಪಾವಗಡದ ಹುಡುಗಿ ಊರಲ್ಲಿ ಕೇಳಿ "ಇದು ಸರಿ" ಅಥವಾ "ನಮ್ಮೂರಲ್ಲಿ ಹಾಗಿಲ್ಲ" ಅಂತ ಕಾಮೆಂಟ್ ಹಾಕಬಹುದು. ಅವಳ ಮನೆ ಮಾತು ತೆಲುಗು ಆಗಿದ್ರೂ, ವೇದಿಕೆ ಮೇಲೆ ನಿರರ್ಗಳವಾಗಿ ಮಾತಾಡೋಕೆ ಬರದಿದ್ರೂ, ಅವಳು ತಂದ ಪುರಾವೆಗೆ ಬೆಲೆ ಇದೆ.

ನಮ್ಮ ಪಾಯಿಂಟೆಲ್ಲ ಎದುರಾಳಿಗೆ ಮೊದಲೇ ಗೊತ್ತಾಗಲ್ವಾ ಅಂತ ಕೇಳ್ತಾರೆ. ಗೊತ್ತಾಗಲಿ! ಕೋರ್ಟಲ್ಲೂ ದಾಖಲೆಗಳ ಪ್ರತಿ ಎದುರು ಪಕ್ಷಕ್ಕೆ ಕೊಡಬೇಕು. ಗೊತ್ತಾದ್ರೆ ತಾನೇ ಉತ್ತರ ಹುಡುಕೋದು?

ಎಲ್ಲ ಮಕ್ಕಳ ಹತ್ರ ಫೋನ್ ಇಲ್ಲ ಅನ್ನೋದು ಗಟ್ಟಿ ಆಕ್ಷೇಪ. ಅದಕ್ಕೆ ಶಾಲೆಗೊಂದು ಅಕೌಂಟ್ ಸಾಕು, ಮಕ್ಕಳ ಹೆಸರಲ್ಲಿ ಬೇಡವೇ ಬೇಡ. ವಾರಕ್ಕೊಮ್ಮೆ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಲಿ. ಮಕ್ಕಳು ಅದರ ಮೇಲೆ ಪೆನ್ನಲ್ಲಿ ಬರೆದದ್ದನ್ನ ಟೀಚರ್ ಸೇರಿಸಲಿ. ಯಾರಾದ್ರೂ ತಪ್ಪಿ ಅಳಿಸಿದ್ರೆ ವರ್ಷನ್ ಹಿಸ್ಟರಿಯಲ್ಲಿ ಹಳೆಯದು ಸಿಗುತ್ತೆ. ಒಂದು ಎಚ್ಚರಿಕೆ: ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಡಾಕ್ಸ್‌ಗೆ ಪೇಸ್ಟ್ ಮಾಡಿದ್ರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಬರುತ್ತೆ. ಯೂನಿಕೋಡಲ್ಲೇ ಟೈಪ್ ಮಾಡಬೇಕು, ಇಲ್ಲ ವಾಯ್ಸ್ ಟೈಪಿಂಗಲ್ಲಿ ಕನ್ನಡ ಮಾತಾಡಿದ್ರೂ ಆಯ್ತು.

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನವರು. ಈ ಮಕ್ಕಳಿಗೆ ಕನ್ನಡದಲ್ಲಿ ಭಾಷಣ ಹೇಳಿಕೊಡೋ ಯೋಗ್ಯತೆ ನಮಗಿಲ್ಲ, ಅವರೇ ನಮಗಿಂತ ಚೆನ್ನಾಗಿ ಮಾತಾಡ್ತಾರೆ. ಆದರೆ ಟೆಂಪ್ಲೇಟ್ ಮಾಡಿಕೊಡೋದು, ಲಿಂಕಿಗೆ ಯಾರು ತಿದ್ದಬಹುದು, ಯಾರು ಬರೀ ನೋಡಬಹುದು ಅಂತ ಸೆಟ್ ಮಾಡೋದು, ಹಳೇ ನುಡಿ ಫೈಲನ್ನ ಯೂನಿಕೋಡಿಗೆ ಬದಲಾಯಿಸೋದು ನಮಗೆ ಬರುತ್ತೆ. ನಮ್ಮ ಕ್ಲಬ್ ನಾಲ್ಕು ಶನಿವಾರ ಕೊಟ್ಟರೆ ತಾಲೂಕಿಗೊಂದು ಶಾಲೆಯಲ್ಲಿ ಶುರು ಮಾಡಬಹುದು.

"ಈ ಅಂಕಿ ನಿನಗೆ ಎಲ್ಲಿ ಸಿಕ್ತು?" ಅಂತ ನಿರ್ಣಾಯಕರು ಕೇಳಿದಾಗ ಬಾಯಿಪಾಠ ಮಾಡಿದ ಮಗು ಟೀಚರ್ ಮುಖ ನೋಡುತ್ತೆ. ತಾನೇ ಹುಡುಕಿದ ಮಗು ಉತ್ತರ ಕೊಡುತ್ತೆ. ಬಹುಮಾನ ಯಾರಿಗಾದ್ರೂ ಬರಲಿ, ನಮಗೆ ಆ ಎರಡನೇ ಮಗು ಬೇಕು.