ಮನೆಯ ಬಳಿಯ ಕಡಲು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಕೈಗೆ ಸುಲಭವಾಗಿ ಎಟುಕುವುದರಲ್ಲಿ ಗುಣವನ್ನು ಕಾಣದಿರುವುದು ಮನುಷ್ಯನ ಹಳೆಯ ದೌರ್ಬಲ್ಯ. ಔಷಧಿಯ ವಿಷಯದಲ್ಲಿ ಹೇಳಿದ ಈ ಮಾತು ನೋಟದ ವಿಷಯದಲ್ಲಿಯೂ ಸತ್ಯ. ದೂರದ ಹಿಮಾಲಯದ ಚಿತ್ರವನ್ನು ಕಂಡು ಬೆರಗಾಗುವ ನಾವು ಮನೆಯ ಹಿಂದಿನ ಕಡಲನ್ನು ಕಣ್ಣೆತ್ತಿ ನೋಡುವುದಿಲ್ಲ. ಕೈಯಲ್ಲಿ ಕ್ಯಾಮರಾ ಇದ್ದಾಗಲಂತೂ ಈ ಉಪೇಕ್ಷೆ ಎದ್ದು ಕಾಣುತ್ತದೆ.

ಇದಕ್ಕೆ ನಾನೇ ನಿದರ್ಶನ. ನನ್ನ ಬಾಲ್ಯ ಕಳೆದದ್ದು ಇಂದಿನ ಉಡುಪಿ ಜಿಲ್ಲೆಯ ಕಾಪುವಿನ ಸಮೀಪ, ಕಡಲಿಗೆ ಕೂಗಳತೆಯ ದೂರದಲ್ಲಿ. ನಾನು ಪ್ರೌಢಶಾಲೆಯಲ್ಲಿದ್ದಾಗ ಸೋದರಮಾವ ಒಂದು ಆಗ್ಫಾ ಕ್ಲಿಕ್ ಕ್ಯಾಮರಾ ತಂದಿದ್ದರು. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. 1901ರಲ್ಲಿ ಕಟ್ಟಿದ ದೀಪಸ್ತಂಭದ ಮುಂದೆ ನೆಂಟರಿಷ್ಟರನ್ನು ನಿಲ್ಲಿಸಿ ಹನ್ನೆರಡನ್ನೂ ಮುಗಿಸಿದೆವು.

ಅದೇ ದಡದಲ್ಲಿ ಅಂದು ರಂಪಣಿ ಬಲೆಯನ್ನು ಎಳೆಯುತ್ತಿದ್ದರು. ದೋಣಿಯೊಂದು ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು ಬರುತ್ತಿತ್ತು. ದಡದ ಎರಡು ಕಡೆಗಳಲ್ಲಿ ಹತ್ತಾರು ಜನರು ಸಾಲಾಗಿ ನಿಂತು, ಒಂದೇ ದನಿಯಲ್ಲಿ ಕೂಗುತ್ತ ಹಗ್ಗವನ್ನು ಜಗ್ಗುತ್ತಿದ್ದರು. ಬಂದ ಮೀನು ಎಳೆದವರಿಗೆಲ್ಲ ಪಾಲಾಗುತ್ತಿತ್ತು. ಮಳೆಗಾಲ ಕಳೆದ ಮೇಲೆ ಅದು ದಿನನಿತ್ಯದ ನೋಟ. ಅದಕ್ಕಾಗಿ ಒಂದು ಚಿತ್ರವನ್ನು ವ್ಯಯಮಾಡಬೇಕೆಂದು ನಮಗಾರಿಗೂ ಹೊಳೆಯಲಿಲ್ಲ.

1970ರ ದಶಕದ ಕೊನೆಯ ವರ್ಷಗಳಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಸೆರೆಯಾಗತೊಡಗಿತು. ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಇಂದು ಅಲ್ಲಲ್ಲಿ ಚಿಕ್ಕ ಕೈರಂಪಣಿಗಳು ಮಾತ್ರ ಉಳಿದಿವೆ.

ಮೊನ್ನೆ ಹಳೆಯ ಪೆಟ್ಟಿಗೆಯಲ್ಲಿ ಆ ಚಿತ್ರಗಳು ದೊರೆತವು. ದೀಪಸ್ತಂಭ ಇಂದಿಗೂ ಅಲ್ಲಿಯೇ ನಿಂತಿದೆ. ಅದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ನಾನು ಭೂತಗನ್ನಡಿ ಹಿಡಿದು ನೋಡಿದ್ದು ಒಂದು ಚಿತ್ರದ ಮೂಲೆಯನ್ನು. ಅಲ್ಲಿ ಅತ್ತೆಯ ಸೆರಗಿನ ಹಿಂದೆ, ಹಗ್ಗವನ್ನು ಎಳೆಯುವ ಮೂವರ ಬೆನ್ನುಗಳು ಮಸುಕಾಗಿ ಕಾಣುತ್ತಿದ್ದವು. ನಾವು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಆ ಮೂಲೆಯೇ ಈಗ ನನಗೆ ಅಮೂಲ್ಯವಾಗಿದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಚಿತ್ರ ತೆಗೆಯುವವನು ಮೊದಲು ಮನೆಯ ಬಳಿಯದನ್ನು ತೆಗೆಯಬೇಕು. ದಿನನಿತ್ಯದ್ದು ಸದಾ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದಲೇ ನಾವು ಅದನ್ನು ಕಳೆದುಕೊಳ್ಳುತ್ತೇವೆ.

‘ಇಂದು ಮನೆಮನೆಯಲ್ಲಿಯೂ ಮೊಬೈಲ್ ಇದೆ, ಚಿತ್ರಗಳಿಗೇನು ಬರ?’ ಎಂದು ಕೆಲವರು ಕೇಳಬಹುದು. ಬರವಿರುವುದು ಗಮನಕ್ಕೆ. ಸೂರ್ಯಾಸ್ತವನ್ನು ನೂರು ಸಲ ಸೆರೆಹಿಡಿಯುವವರು ಕಾಲಡಿಯ ಮರಳನ್ನು ನೋಡುವುದಿಲ್ಲ. ನೀರು ಇಳಿದಾಗ ಪುಟ್ಟ ಏಡಿಗಳು ಮರಳಿನಿಂದ ಆಹಾರವನ್ನು ಸೋಸಿಕೊಂಡು, ಉಳಿದುದನ್ನು ಮೆಣಸಿನ ಕಾಳಿನಂತಹ ಉಂಡೆಗಳಾಗಿ ಬಿಲದ ಸುತ್ತ ಹರಡುತ್ತವೆ. ಮುಂದಿನ ಉಬ್ಬರವು ಆ ರಂಗೋಲಿಯನ್ನು ಅಳಿಸುತ್ತದೆ. ಉಬ್ಬರವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ಅದೇ ಜಾಗದಲ್ಲಿ ಅದೇ ಗಂಟೆಗೆ ನಿಂತವನಿಗೂ ನಾಳೆಯ ಕಡಲು ಬೇರೆಯೇ. ವರ್ಷವಿಡೀ ಒಂದೇ ದಡವನ್ನು ಚಿತ್ರಿಸಿದವನಿಗೆ ಕಡಲ್ಕೊರೆತವು ತೆಂಗಿನ ಸಾಲನ್ನು ನುಂಗಿದ ಬಗೆ ತಿಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ನಿಷೇಧವಿರುವಾಗ ಬಲೆಯನ್ನು ಹೊಸೆದು ಸರಿಪಡಿಸುವ ಕೈಗಳು ಕಾಣುತ್ತವೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲ ಹಕ್ಕಿಗಳನ್ನೇ ತಾಳ್ಮೆಯಿಂದ ಕಾದು ಚಿತ್ರಿಸಿದರು.

ಆದರೆ ನೋಡುವವನಿಗೆ ಕರ್ತವ್ಯವೂ ಉಂಟು. ಬುಟ್ಟಿ ಹೊತ್ತು ಮೀನು ಮಾರುವ ತಾಯಿ ನಮ್ಮ ವಿನೋದದ ವಸ್ತುವಲ್ಲ. ಆಕೆಯ ಒಪ್ಪಿಗೆಯನ್ನು ಕೇಳಬೇಕು. ಗೂಡಿನ ಹತ್ತಿರ ನುಗ್ಗಿದರೆ ತಾಯಿಹಕ್ಕಿ ಹಾರಿಹೋಗುತ್ತದೆ, ಮೊಟ್ಟೆ ಕಾಗೆಯ ಪಾಲಾಗುತ್ತದೆ. ಅಂತಹ ಚಿತ್ರ ಎಷ್ಟು ಚೆನ್ನಾಗಿದ್ದರೂ ಬೇಡ. ಪ್ರತಿಯೊಂದು ಚಿತ್ರಕ್ಕೂ ದಿನಾಂಕ, ಸ್ಥಳಗಳನ್ನು ಬರೆದಿಡಬೇಕು. ಅವಿಲ್ಲದ ಚಿತ್ರ ಮುಂದಿನವರಿಗೆ ಏನನ್ನೂ ಹೇಳಲಾರದು.

ನಿಮ್ಮ ಊರಿನಲ್ಲಿ ಕಡಲಿಲ್ಲದಿರಬಹುದು. ಕೆರೆಯ ಏರಿ ಇದೆ, ಸಂತೆಯ ಮಾಳವಿದೆ, ಆಲದ ಕಟ್ಟೆಯಿದೆ. ನಾಳೆ ಶಾಲೆಗೆ ಬರುವಾಗ ಅವುಗಳಲ್ಲಿ ಒಂದರ ಮುಂದೆ ತುಸು ನಿಲ್ಲಿರಿ. ಕ್ಯಾಮರಾ ಇಲ್ಲದಿದ್ದರೂ ಚಿಂತೆಯಿಲ್ಲ. ಮೊದಲು ಕಣ್ಣಾರೆ ನೋಡಿರಿ. ನಾನು ಅಂದು ದೀಪಸ್ತಂಭಕ್ಕೆ ಬೆನ್ನುಮಾಡಿ ಒಂದೇ ಒಂದು ಸಲ ದಡದ ಕಡೆಗೆ ತಿರುಗಿದ್ದರೆ, ಆ ಮೂವರ ಮುಖಗಳನ್ನಾದರೂ ಇಂದು ನಿಮಗೆ ತೋರಿಸಬಹುದಾಗಿತ್ತು.